ಸ್ಪ್ಲಂಕ್: ನನಗೆ ಓಡುವ ಮ್ಯಾಕ್ರೋ ಟೀಮಿನವರಿಗೆ ‘ಸಿಗುತ್ತಿಲ್ಲ’ ಅನ್ನುತ್ತೆ, ಕೆಲವೊಮ್ಮೆ ನನಗೂ!

ಲಾಗ್_ಕಣಜ (ಪ್ರಶ್ನೆ)

ನಮಸ್ಕಾರ ಎಲ್ಲರಿಗೂ. ಸ್ಪ್ಲಂಕ್ ಎಂಟರ್‌ಪ್ರೈಸ್ (ಲಾಗ್‌ಗಳನ್ನು ಕೂಡಿಟ್ಟು ಹುಡುಕುವ ತಂತ್ರಾಂಶ), ಮೂರು ಸರ್ಚ್ ಹೆಡ್‌ಗಳ (ಸರ್ಚ್ ಓಡಿಸುವ ಸರ್ವರ್‌ಗಳ) ಕ್ಲಸ್ಟರ್. ವಿಂಡೋಸ್ ಲಾಗಿನ್ ವೈಫಲ್ಯದ ಸರ್ಚ್ ಹತ್ತಾರು ಕಡೆ ಬೇಕಾಗುತ್ತೆ ಅಂತ ಎರಡು ಮ್ಯಾಕ್ರೋ (ಹೆಸರಿಟ್ಟು ಮತ್ತೆ ಮತ್ತೆ ಬಳಸುವ ಸರ್ಚ್ ತುಂಡು) ಮಾಡಿದ್ದೇನೆ. ಹೆಸರುಗಳನ್ನೆಲ್ಲ ಇಲ್ಲಿ ಕನ್ನಡ ಅಕ್ಷರದಲ್ಲಿ ಬರೆದಿದ್ದೇನೆ, ಸಿಸ್ಟಂನಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಇವೆ.

ಮೊದಲನೆಯದು ಫೇಲ್ಡ್_ಲಾಗಿನ್(2). ಆರ್ಗ್ಯುಮೆಂಟ್‌ಗಳು: ಲಿಮಿಟ್,ಬೈಫೀಲ್ಡ್ಸ್. ಡೆಫಿನಿಷನ್ (4625 ಅಂದರೆ ವಿಂಡೋಸ್‌ನ ಲಾಗಿನ್ ವೈಫಲ್ಯದ ಕೋಡ್):

ಇಂಡೆಕ್ಸ್=ವಿನ್‌ಇವೆಂಟ್‌ಲಾಗ್ ಇವೆಂಟ್‌ಕೋಡ್=4625 | ಸ್ಟ್ಯಾಟ್ಸ್ ಕೌಂಟ್ ಬೈ $ಬೈಫೀಲ್ಡ್ಸ್$ | ವೇರ್ ಕೌಂಟ್ > $ಲಿಮಿಟ್$

ಎರಡನೆಯದು ಒನ್_ಯೂಸರ್(1). ಆರ್ಗ್ಯುಮೆಂಟ್: ಯು. ಡೆಫಿನಿಷನ್:

ವೇರ್ ಯೂಸರ್=$ಯು$

ತೊಂದರೆಗಳು ಇವು:

ಅ) `ಫೇಲ್ಡ್_ಲಾಗಿನ್(10, ಯೂಸರ್)` ನನಗೆ ಸರಿಯಾಗಿ ಓಡುತ್ತೆ. ಟೀಮಿನ ಇನ್ನೊಬ್ಬರು ಸ್ಪ್ಲಂಕ್ ಒಳಗಿನ ಬೇರೆ ಆಪ್‌ನಿಂದ ಓಡಿಸಿದರೆ ಸರ್ಚ್‌ಪಾರ್ಸರ್ (ಸರ್ಚ್ ಬರಹವನ್ನು ಬಿಡಿಸಿ ಓದುವ ಭಾಗ) ಎರರ್ ಬರುತ್ತೆ. ‘ಈ ಮ್ಯಾಕ್ರೋ ಸಿಗುತ್ತಿಲ್ಲ, ಹೆಸರು ತಪ್ಪಿರಬಹುದು, ರೀಡ್ ಪರ್ಮಿಷನ್ ಇಲ್ಲದಿರಬಹುದು, ಈ ಆಪ್‌ಗೆ ಶೇರ್ ಆಗಿಲ್ಲದಿರಬಹುದು’ ಅನ್ನುವ ಉದ್ದದ ಸಂದೇಶ.

ಆ) `ಫೇಲ್ಡ್_ಲಾಗಿನ್(10, ಯೂಸರ್, ಎಸ್‌ಆರ್‌ಸಿ)` ಹಾಕಿದರೆ ನನಗೂ ಅದೇ ಎರರ್.

ಇ) ಡ್ಯಾಶ್‌ಬೋರ್ಡ್‌ನಲ್ಲಿ ಮಲ್ಟಿಸೆಲೆಕ್ಟ್ (ಹಲವನ್ನು ಆರಿಸುವ ಪಟ್ಟಿ) ಇಟ್ಟು ಎರಡನೇ ಆರ್ಗ್ಯುಮೆಂಟ್ ಅಲ್ಲಿಂದ ಕೊಡುತ್ತಿದ್ದೇನೆ. ಒಂದು ಫೀಲ್ಡ್ ಆರಿಸಿದರೆ ಪ್ಯಾನೆಲ್ ಬರುತ್ತೆ, ಎರಡು ಆರಿಸಿದರೆ ಮತ್ತೆ ಅದೇ ಎರರ್.

ಈ) ಇಂಡೆಕ್ಸ್=ವಿನ್‌ಇವೆಂಟ್‌ಲಾಗ್ | `ಒನ್_ಯೂಸರ್("ಎಸ್‌ವಿಸಿ-ಬ್ಯಾಕಪ್")` ಎರರ್ ಇಲ್ಲ, ರಿಸಲ್ಟ್ ಸೊನ್ನೆ. ಮ್ಯಾಕ್ರೋ ತೆಗೆದು ನೇರ ಹುಡುಕಿದರೆ ಆ ಯೂಸರ್‌ನ ಇವೆಂಟ್‌ಗಳು ಇವೆ.

ಮ್ಯಾಕ್ರೋ ಅಳಿಸಿ ಮತ್ತೆ ಮಾಡಿದರೂ ಬದಲಾವಣೆ ಇಲ್ಲ. ಎಲ್ಲಿಂದ ಹುಡುಕಲು ಶುರು ಮಾಡಲಿ?

---

ಪೈಪ್‌ಲೈನ್

ಅಳಿಸಿ ಮತ್ತೆ ಮಾಡಿದ್ದೇ ‘ಅ’ವನ್ನು ಗಟ್ಟಿ ಮಾಡಿರುತ್ತೆ ನೋಡಿ. ಹೊಸದಾಗಿ ಮಾಡಿದ ಮ್ಯಾಕ್ರೋ ಯಾವಾಗಲೂ ಪ್ರೈವೇಟ್ ಆಗಿ ಹುಟ್ಟುತ್ತೆ, ಮಾಡಿದವರಿಗೆ ಮಾತ್ರ ಕಾಣುತ್ತೆ. ಮೊದಲು ಯಾವಾಗಲಾದರೂ ಶೇರ್ ಮಾಡಿದ್ದರೆ ಅದೂ ಅಳಿಸಿದಾಗಲೇ ಹೋಯಿತು.

ಸೆಟ್ಟಿಂಗ್ಸ್ > ಅಡ್ವಾನ್ಸ್ಡ್ ಸರ್ಚ್ > ಸರ್ಚ್ ಮ್ಯಾಕ್ರೋಸ್‌ಗೆ ಹೋಗಿ, ಮೇಲಿನ ಆಪ್ ಪಟ್ಟಿಯಲ್ಲಿ ‘ಆಲ್’, ಓನರ್ ‘ಎನಿ’ ಇಡಿ. ಫೇಲ್ಡ್_ಲಾಗಿನ್ ಸಾಲಿನಲ್ಲಿ ಶೇರಿಂಗ್ ಕಾಲಂ ನೋಡಿ. ಪ್ರೈವೇಟ್ ಅಂತಿದ್ದರೆ ಪಕ್ಕದ ಪರ್ಮಿಷನ್ಸ್ ಒತ್ತಿ, ‘ದಿಸ್ ಆಪ್ ಓನ್ಲಿ’ ಅಥವಾ ‘ಆಲ್ ಆಪ್ಸ್’ ಆರಿಸಿ, ಬೇಕಾದ ರೋಲ್‌ಗಳ ರೀಡ್ ಪೆಟ್ಟಿಗೆಗೆ ಟಿಕ್ ಹಾಕಿ. ಬೇರೆ ಆಪ್‌ನಿಂದ ಬಳಸುವುದಾದರೆ ‘ದಿಸ್ ಆಪ್ ಓನ್ಲಿ’ ಸಾಲದು. ಡೀಫಾಲ್ಟ್ ಸೆಟಪ್‌ನಲ್ಲಿ ಪವರ್ ರೋಲ್ ಇದ್ದವರು ಆಪ್ ಮಟ್ಟಕ್ಕೆ ಶೇರ್ ಮಾಡಬಹುದು, ಎಲ್ಲಾ ಆಪ್‌ಗಳಿಗೆ ಬಿಡಲು ಅಡ್ಮಿನ್ ಬೇಕು. ನಿಮ್ಮ ಪರದೆಯಲ್ಲಿ ಆ ಆಯ್ಕೆಯೇ ಕಾಣದಿದ್ದರೆ ಕಾರಣ ಅದು.

ಅಡ್ಮಿನ್ ಹಕ್ಕು ಇದ್ದರೆ ಈ ರೆಸ್ಟ್ ಸರ್ಚ್ (ಸ್ಪ್ಲಂಕ್‌ನ ಸೆಟ್ಟಿಂಗ್‌ಗಳನ್ನೇ ಕೇಳುವ ಸರ್ಚ್) ಇನ್ನೂ ಬೇಗ:

| ರೆಸ್ಟ್ /ಸರ್ವಿಸಸ್‌ಎನ್ಎಸ್/-/-/ಅಡ್ಮಿನ್/ಮ್ಯಾಕ್ರೋಸ್ ಕೌಂಟ್=0 ಸ್ಪ್ಲಂಕ್_ಸರ್ವರ್=ಲೋಕಲ್ | ಸರ್ಚ್ ಟೈಟಲ್="ಫೇಲ್ಡ್_ಲಾಗಿನ್*" | ಟೇಬಲ್ ಟೈಟಲ್ ಇಎಐ:ಎಸಿಎಲ್.ಆಪ್ ಇಎಐ:ಎಸಿಎಲ್.ಓನರ್ ಇಎಐ:ಎಸಿಎಲ್.ಶೇರಿಂಗ್ ಡೆಫಿನಿಷನ್

ಒಂದೇ ಹೆಸರಿಗೆ ಎರಡು ಸಾಲು ಬಂದರೆ ಅಲ್ಲೇ ನಿಲ್ಲಿ. ನಿಮ್ಮ ಹೆಸರಿನಲ್ಲಿ ಒಂದು ಪ್ರೈವೇಟ್ ಪ್ರತಿ, ಆಪ್‌ನಲ್ಲಿ ಒಂದು ಶೇರ್ ಆದ ಪ್ರತಿ ಇದ್ದರೆ, ನಿಮಗೆ ಓಡುವುದು ನಿಮ್ಮ ಪ್ರೈವೇಟ್ ಪ್ರತಿ, ಉಳಿದವರಿಗೆ ಆಪ್‌ನದು. ಡೆಫಿನಿಷನ್ ತಿದ್ದಿ ‘ನನಗೆ ಸರಿಯಾಯ್ತು’ ಅಂದುಕೊಳ್ಳುತ್ತೀರಿ, ಬೇರೆಯವರಿಗೆ ಹಳೆಯದೇ ಓಡುತ್ತಿರುತ್ತೆ. ಎರರ್ ಇಲ್ಲದೆ ಇಬ್ಬರಿಗೆ ಎರಡು ಲೆಕ್ಕ ಬರುವ ಕೇಸುಗಳಲ್ಲಿ ನಾನು ಮೊದಲು ನೋಡುವ ಜಾಗ ಇದು.

ಶೆಡ್ಯೂಲ್ ಮಾಡಿದ ಅಲರ್ಟ್‌ಗಳಿಗೂ ಇದೇ ನಿಯಮ. ಅಲರ್ಟ್ ಓಡುವುದು ಅದರ ಓನರ್ ಹೆಸರಲ್ಲಿ, ಅದು ಸೇವ್ ಆಗಿರುವ ಆಪ್‌ನ ಒಳಗೆ. ಅಲರ್ಟ್‌ನ ಓನರ್ ಬದಲಿಸಿದರೆ ಅಥವಾ ಅದನ್ನು ಬೇರೆ ಆಪ್‌ಗೆ ಸಾಗಿಸಿದರೆ, ಪ್ರೈವೇಟ್ ಮ್ಯಾಕ್ರೋ ಹಿಂದೆ ಬರುವುದಿಲ್ಲ. ಸರ್ಚ್ ಬಾರ್‌ನಲ್ಲಿ ಓಡಿತು ಅಂದ ಮಾತ್ರಕ್ಕೆ ಅಲರ್ಟ್ ಓಡುತ್ತಿದೆ ಅಂತ ನಂಬಬೇಡಿ. ಅಲರ್ಟ್ ಬರದೇ ಇರುವುದನ್ನು ‘ದಾಳಿ ಇಲ್ಲ’ ಅಂತ ಓದಿಕೊಂಡರೆ ಆಗುವ ಅನಾಹುತ ದೊಡ್ಡದು.

---

ಬ್ಯಾಕ್‌ಟಿಕ್

‘ಆ’ ಮತ್ತು ‘ಇ’ ಒಂದೇ ರೋಗ. ಎರರ್ ಸಂದೇಶ ಹೇಳದೆ ಬಿಡುವ ನಾಲ್ಕನೇ ಕಾರಣ.

ಸ್ಪ್ಲಂಕ್‌ಗೆ ಮ್ಯಾಕ್ರೋದ ಪೂರ್ತಿ ಹೆಸರು ಅಂದರೆ ಬ್ರಾಕೆಟ್‌ನ ಅಂಕಿಯೂ ಸೇರಿ. ಫೇಲ್ಡ್_ಲಾಗಿನ್, ಫೇಲ್ಡ್_ಲಾಗಿನ್(1), ಫೇಲ್ಡ್_ಲಾಗಿನ್(2) ಇವು ಮೂರು ಬೇರೆ ಬೇರೆ ಮ್ಯಾಕ್ರೋಗಳು, ಮೂರನ್ನೂ ಒಟ್ಟಿಗೆ ಇಟ್ಟುಕೊಳ್ಳಬಹುದು. ನೀವು (10, ಯೂಸರ್, ಎಸ್‌ಆರ್‌ಸಿ) ಅಂದಾಗ ಪಾರ್ಸರ್ ಅಲ್ಪವಿರಾಮ ಎಣಿಸಿ ‘ಮೂರು ಆರ್ಗ್ಯುಮೆಂಟ್’ ಅಂತ ತೀರ್ಮಾನಿಸಿ ಫೇಲ್ಡ್_ಲಾಗಿನ್(3) ಹುಡುಕುತ್ತೆ. ಅಂಥದ್ದು ಇಲ್ಲ. ಅದಕ್ಕೆ ‘ಸಿಗುತ್ತಿಲ್ಲ’ ಅನ್ನುತ್ತೆ. ಹೆಸರು, ಪರ್ಮಿಷನ್ ಎಲ್ಲ ಸರಿ ಇದ್ದರೂ.

ಅಲ್ಪವಿರಾಮ ಇರುವ ಆರ್ಗ್ಯುಮೆಂಟನ್ನು ಡಬಲ್ ಕೋಟ್‌ನಲ್ಲಿ ಕಟ್ಟಿ:

`ಫೇಲ್ಡ್_ಲಾಗಿನ್(10, "ಯೂಸರ್, ಎಸ್‌ಆರ್‌ಸಿ")`

ಈಗ ಎಣಿಕೆ ಎರಡು. ಒಳಗೆ ಹೋಗುವಾಗ ಹೊರಗಿನ ಕೋಟ್ ಉದುರಿ, ಸ್ಟ್ಯಾಟ್ಸ್ ಕೌಂಟ್ ಬೈ ಯೂಸರ್, ಎಸ್‌ಆರ್‌ಸಿ ಅಂತ ಆಗುತ್ತೆ. ಆರ್ಗ್ಯುಮೆಂಟ್ ಒಳಗೇ ಡಬಲ್ ಕೋಟ್ ಬೇಕಿದ್ದರೆ ಅದರ ಹಿಂದೆ ಬ್ಯಾಕ್‌ಸ್ಲ್ಯಾಶ್.

ಡ್ಯಾಶ್‌ಬೋರ್ಡ್‌ನಲ್ಲಿ ಮಲ್ಟಿಸೆಲೆಕ್ಟ್ ಟೋಕನ್‌ನ (ಆರಿಸಿದ್ದನ್ನು ಸರ್ಚ್‌ಗೆ ಒಯ್ಯುವ ವೇರಿಯಬಲ್) ಡಿಲಿಮಿಟರ್, ಅಂದರೆ ನಡುವಿನ ಗುರುತು, ಅಲ್ಪವಿರಾಮ ಇಟ್ಟಿರುತ್ತೀರಿ. ಒಂದು ಆರಿಸಿದಾಗ ಎರಡು ಆರ್ಗ್ಯುಮೆಂಟ್, ಎರಡು ಆರಿಸಿದಾಗ ಮೂರು. ಟೋಕನ್ ಸುತ್ತ ಕೋಟ್ ಹಾಕಿ, ಅಥವಾ (ಟೋಕನ್ ಹೆಸರು ಬೈ ಆಗಿದ್ದರೆ) $ಬೈ|ಎಸ್$ ಅಂತ ಎಸ್ ಫಿಲ್ಟರ್ ಬಳಸಿ, ಅದೇ ಕೋಟ್ ಕಟ್ಟಿ ಕೊಡುತ್ತೆ. ಎರಡೂ ಒಟ್ಟಿಗೆ ಬೇಡ.

ಇನ್ನೊಂದು. ಮ್ಯಾಕ್ರೋ ಸುತ್ತ ಬರಬೇಕಾದದ್ದು ಕೀಬೋರ್ಡ್‌ನಲ್ಲಿ 1ರ ಎಡಕ್ಕಿರುವ ಬ್ಯಾಕ್‌ಟಿಕ್, ಎಂಟರ್ ಪಕ್ಕದ ಸಿಂಗಲ್ ಕೋಟ್ ಅಲ್ಲ. ಚಾಟ್‌ನಿಂದ ಕಾಪಿ ಮಾಡಿದಾಗ ಕೆಲವು ಆಪ್‌ಗಳು ಬ್ಯಾಕ್‌ಟಿಕ್ಕನ್ನು ಕೋಡ್ ಗುರುತು ಅಂತ ತಿಳಿದು ನುಂಗಿಬಿಡುತ್ತವೆ, ವರ್ಡ್ ಫೈಲಿಂದ ಬಂದ ಡಬಲ್ ಕೋಟ್ ಬಾಗಿದ ಕೋಟ್ ಆಗಿರುತ್ತೆ. ಕನ್ನಡ ಇನ್‌ಸ್ಕ್ರಿಪ್ಟ್ ಆನ್ ಇದ್ದರಂತೂ ಆ ಕೀಲಿ ಒತ್ತಿದರೆ ಬ್ಯಾಕ್‌ಟಿಕ್ ಬರುವುದೇ ಇಲ್ಲ, ಒ-ಕಾರದ ಗುರುತು ಬೀಳುತ್ತೆ. ಭಾಷೆ ಬದಲಿಸಿ ಕೈಯಲ್ಲೇ ಟೈಪ್ ಮಾಡಿ ನೋಡುವುದು ಹತ್ತು ಸೆಕೆಂಡಿನ ಕೆಲಸ.

---

ಎಸ್‌ಪಿಎಲ್_ಓದುಗ

‘ಈ’ ಬಗ್ಗೆ ಹೇಳುತ್ತೇನೆ. ಇದನ್ನು ಕಣ್ಣಾರೆ ನೋಡಿ, ಊಹಿಸಬೇಡಿ. ಸರ್ಚ್ ಬಾರ್‌ನಲ್ಲಿ ಕರ್ಸರ್ ಇಟ್ಟು ಕಂಟ್ರೋಲ್+ಶಿಫ್ಟ್+ಇ ಒತ್ತಿ, ಮ್ಯಾಕ್‌ನಲ್ಲಾದರೆ ಕಮಾಂಡ್+ಶಿಫ್ಟ್+ಇ. ಮ್ಯಾಕ್ರೋಗಳೆಲ್ಲ ಬಿಚ್ಚಿಕೊಂಡ ಪೂರ್ತಿ ಸರ್ಚ್ ಒಂದು ಪುಟ್ಟ ಕಿಟಕಿಯಲ್ಲಿ ತೆರೆದುಕೊಳ್ಳುತ್ತೆ. ನಿಮ್ಮದಕ್ಕೆ ಅಲ್ಲಿ ಕಾಣುವುದು:

ಇಂಡೆಕ್ಸ್=ವಿನ್‌ಇವೆಂಟ್‌ಲಾಗ್ | ವೇರ್ ಯೂಸರ್=ಎಸ್‌ವಿಸಿ-ಬ್ಯಾಕಪ್

ಕೋಟ್ ಎಲ್ಲಿ ಹೋಯಿತು ನೋಡಿ. ಕರೆಯುವಾಗ ನೀವು ಹಾಕಿದ ಕೋಟ್ ಆರ್ಗ್ಯುಮೆಂಟನ್ನು ಕಟ್ಟಲಿಕ್ಕೆ ಮಾತ್ರ, ಒಳಗೆ ಬರುವುದಿಲ್ಲ. ಸರ್ಚ್ ಕಮಾಂಡ್ ಆಗಿದ್ದರೆ ಕೋಟ್ ಇಲ್ಲದ ಪದವನ್ನು ಮೌಲ್ಯ ಅಂತಲೇ ತಿಳಿಯುತ್ತಿತ್ತು. ವೇರ್ ಹಾಗಲ್ಲ, ಅದು ಇವ್ಯಾಲ್ ಬರಹವನ್ನು (ಲೆಕ್ಕ ಹಾಕಿ ಮೌಲ್ಯ ಕೊಡುವ ಸೂತ್ರ) ಓದುತ್ತೆ. ಅಲ್ಲಿ ಸಮ ಚಿಹ್ನೆಯ ಬಲಗಡೆ ಕೋಟ್ ಇಲ್ಲದ ಪದ ಅಂದರೆ ಫೀಲ್ಡ್ ಹೆಸರು. ನಡುವಿನ ಅಡ್ಡಗೆರೆ ಮೈನಸ್. ಅಂದರೆ ‘ಎಸ್‌ವಿಸಿ ಅನ್ನುವ ಫೀಲ್ಡ್‌ನಿಂದ ಬ್ಯಾಕಪ್ ಅನ್ನುವ ಫೀಲ್ಡ್ ಕಳೆದು, ಉಳಿದದ್ದನ್ನು ಯೂಸರ್ ಜೊತೆ ಹೋಲಿಸು’ ಅಂತ ನೀವು ಕೇಳಿದ್ದೀರಿ. ಆ ಫೀಲ್ಡ್‌ಗಳು ಇಲ್ಲ, ಫಲ ನಲ್ (ಏನೂ ಇಲ್ಲ), ಒಂದು ಇವೆಂಟೂ ದಾಟುವುದಿಲ್ಲ. ವ್ಯಾಕರಣ ಸರಿಯಿದೆ, ಹಾಗಾಗಿ ಎರರ್ ಇಲ್ಲ.

ಕೋಟ್ ಡೆಫಿನಿಷನ್ ಒಳಗೇ ಇರಬೇಕು:

ವೇರ್ ಯೂಸರ್="$ಯು$"

ಆಮೇಲೆ `ಒನ್_ಯೂಸರ್(ಎಸ್‌ವಿಸಿ-ಬ್ಯಾಕಪ್)` ಅಂದರೂ ಸರಿ, ಕೋಟ್ ಹಾಕಿ ಕರೆದರೂ ಸರಿ. ನಾನಾಗಿದ್ದರೆ ಈ ಕೆಲಸಕ್ಕೆ ವೇರ್ ಬದಲು ಸರ್ಚ್ ಯೂಸರ್="$ಯು$" ಅಂತ ಬರೆಯುತ್ತಿದ್ದೆ. ವೇರ್ ಹೋಲಿಕೆಯಲ್ಲಿ ದೊಡ್ಡ-ಸಣ್ಣ ಅಕ್ಷರದ ಭೇದ ಇದೆ, ನಕ್ಷತ್ರ ಚಿಹ್ನೆ ವೈಲ್ಡ್‌ಕಾರ್ಡ್ ಆಗುವುದಿಲ್ಲ. ವಿಂಡೋಸ್ ಲಾಗ್‌ನಲ್ಲಿ ಒಂದೇ ಯೂಸರ್ ಹೆಸರು ಎರಡು ಬಗೆಯ ಅಕ್ಷರದಲ್ಲಿ ಬರುವುದು ಮಾಮೂಲು.

ಅದೇ ಕಿಟಕಿಯಲ್ಲಿ ಮೊದಲನೇ ಮ್ಯಾಕ್ರೋವನ್ನೂ ಬಿಚ್ಚಿ ನೋಡಿ. ಅದರ ಡೆಫಿನಿಷನ್ ಇಂಡೆಕ್ಸ್= ಅಂತ ಶುರುವಾಗುತ್ತೆ, ಸರ್ಚ್‌ನ ತಲೆಯಲ್ಲಿ ಇಟ್ಟರೆ ಸರಿ. ಯಾರಾದರೂ ಅದರ ಮುಂದೆ ಪೈಪ್ ಹಾಕಿದರೆ ‘ಇಂಡೆಕ್ಸ್ ಅನ್ನುವ ಕಮಾಂಡ್ ಗೊತ್ತಿಲ್ಲ’ ಅಂತ ಬರುತ್ತೆ. ಉಲ್ಟಾ, ಡೆಫಿನಿಷನ್ ಟಿಸ್ಟ್ಯಾಟ್ಸ್, ಇನ್‌ಪುಟ್‌ಲುಕಪ್ ಥರದ ಜನರೇಟಿಂಗ್ (ತಾನೇ ಡೇಟಾ ತರುವ) ಕಮಾಂಡ್‌ನಿಂದ ಶುರುವಾದರೆ ಮ್ಯಾಕ್ರೋ ಮುಂದೆ ಪೈಪ್ ಇರಲೇಬೇಕು. ಪೈಪನ್ನು ಕರೆಯುವ ಕಡೆ ಇಡಿ, ಡೆಫಿನಿಷನ್ ಒಳಗೆ ಅಡಗಿಸಬೇಡಿ. ಓದುವವರಿಗೆ ಅದು ಕಾಣಬೇಕು.

ಡಬಲ್ ಕೋಟ್ ಒಳಗೆ ಮ್ಯಾಕ್ರೋ ಬರೆದರೆ ಅದು ಬಿಚ್ಚಿಕೊಳ್ಳುವುದಿಲ್ಲ, ಬರೀ ಅಕ್ಷರವಾಗಿ ಉಳಿಯುತ್ತೆ. ಅದೂ ಸೊನ್ನೆ ರಿಸಲ್ಟ್‌ಗೆ ಒಂದು ದಾರಿ.

---

ಲಾಗ್_ಕಣಜ

ತುಂಬಾ ಧನ್ಯವಾದ. ಆ, ಇ, ಈ ಮೂರೂ ಹೋದವು. ಬಿಚ್ಚಿ ನೋಡಿದಾಗ ಎಸ್‌ಪಿಎಲ್_ಓದುಗ ಅವರು ಹೇಳಿದ ಸಾಲೇ ಅಕ್ಷರಶಃ ಬಂತು.

ಎರಡು ವಿಷಯ ಉಳಿದಿವೆ. ಒಂದು, ಲಿಮಿಟ್‌ಗೆ ಅಂಕಿ ಬಿಟ್ಟು ಬೇರೇನಾದರೂ ಕೊಟ್ಟರೆ ತಡೆಯೋಣ ಅಂತ ವ್ಯಾಲಿಡೇಷನ್‌ನಲ್ಲಿ ಇಸ್‌ನಮ್("$ಲಿಮಿಟ್$") ಹಾಕಿದೆ. ಈಗ 10 ಕೊಟ್ಟರೂ ‘ತಪ್ಪು’ ಅನ್ನುತ್ತೆ. ಜೊತೆಗೆ ‘ಯೂಸ್ ಇವ್ಯಾಲ್ ಬೇಸ್ಡ್ ಡೆಫಿನಿಷನ್’ ಟಿಕ್ ಹಾಕಿ ನೋಡಿದೆ, ಆಗ ‘ಸ್ಟ್ರಿಂಗ್ ಕೊಡುವ ಇವ್ಯಾಲ್ ಬರಹ ಇರಬೇಕಿತ್ತು’ ಅನ್ನುವ ಹೊಸ ಎರರ್.

ಎರಡು, ಆಪ್ ಮಟ್ಟದ ಪ್ರತಿಯನ್ನು ಸರ್ವರ್‌ನಲ್ಲಿ ಮ್ಯಾಕ್ರೋಸ್.ಕಾನ್ಫ್ ಫೈಲಿನಲ್ಲೇ ತಿದ್ದಿದೆ. ಒಮ್ಮೆ ಹೊಸದು ಓಡುತ್ತೆ, ಒಮ್ಮೆ ಹಳೆಯದು.

---

ಎಸ್‌ಪಿಎಲ್_ಓದುಗ

ಕೋಟ್ ಒಳಗಿಟ್ಟರೆ "10" ಒಂದು ಸ್ಟ್ರಿಂಗ್ (ಬರೀ ಅಕ್ಷರಗಳ ಸಾಲು). ಇಸ್‌ನಮ್ ಅದಕ್ಕೆ ಯಾವತ್ತೂ ಹೌದು ಅನ್ನುವುದಿಲ್ಲ. ಇಸ್‌ನಮ್($ಲಿಮಿಟ್$) ಅಂತ ಕೋಟ್ ಇಲ್ಲದೆ ಬರೆಯಿರಿ. ಕೆಳಗಿನ ಎರರ್ ಮೆಸೇಜ್ ಪೆಟ್ಟಿಗೆಯಲ್ಲಿ ‘ಲಿಮಿಟ್ ಅಂಕಿಯಾಗಿರಬೇಕು, ಉದಾಹರಣೆಗೆ 10’ ಅಂತ ಬಳಸುವವರಿಗೆ ಅರ್ಥವಾಗುವಂತೆ ಬರೆದಿಡಿ. ವ್ಯಾಲಿಡೇಷನ್ ಹೌದು-ಅಲ್ಲ ಕೊಡುವ ಬರಹವಾದರೆ, ಹೌದು ಬಂದಾಗ ಮಾತ್ರ ಮ್ಯಾಕ್ರೋ ಮುಂದುವರಿಯುತ್ತೆ. ಸ್ಟ್ರಿಂಗ್ ಕೊಡುವ ಬರಹವಾದರೆ ಉಲ್ಟಾ: ನಲ್ ಬಂದರೆ ಪಾಸು, ಏನಾದರೂ ಬಂದರೆ ಅದೇ ಎರರ್ ಸಂದೇಶ.

ಇವ್ಯಾಲ್ ಟಿಕ್ ತೆಗೆಯಿರಿ, ನಿಮಗೆ ಅದು ಬೇಡ. ಅದು ಹಾಕಿದರೆ ಡೆಫಿನಿಷನ್ ಪೂರ್ತಿ ಒಂದು ಇವ್ಯಾಲ್ ಬರಹವಾಗಿರಬೇಕು, ಅದು ಕೊಟ್ಟ ಸ್ಟ್ರಿಂಗ್ ಸರ್ಚ್ ಒಳಗೆ ಕೂರುತ್ತೆ. ನಿಮ್ಮದು ಇಂಡೆಕ್ಸ್=... ಅಂತ ಶುರುವಾಗುವ ಸರ್ಚ್ ತುಂಡು. ಇವ್ಯಾಲ್ ಮಾದರಿ ಒದಗುವುದು ಆರ್ಗ್ಯುಮೆಂಟ್ ನೋಡಿ ಸರ್ಚನ್ನೇ ಬದಲಿಸಬೇಕಾದಾಗ, ಹೀಗೆ:

ಇಫ್("$ಎನ್ವ್$"=="ಪ್ರಾಡ್", "ಇಂಡೆಕ್ಸ್=ವಿನ್_ಪ್ರಾಡ್", "ಇಂಡೆಕ್ಸ್=ವಿನ್_ಟೆಸ್ಟ್")

ಇದರ ಲೆಕ್ಕ ನಡೆಯುವುದು ಸರ್ಚ್ ಶುರುವಾಗುವ ಮೊದಲು, ಒಂದೇ ಸಲ. ಇವೆಂಟ್‌ನ ಫೀಲ್ಡ್‌ಗಳು ಅದಕ್ಕೆ ಕಾಣುವುದಿಲ್ಲ. ಪ್ರತಿ ಇವೆಂಟ್‌ಗೂ ಬೇರೆ ತೀರ್ಮಾನ ಬೇಕಿದ್ದರೆ ಸಾದಾ ಮ್ಯಾಕ್ರೋ ಒಳಗೆ | ಇವ್ಯಾಲ್ ಬರೆಯಬೇಕು.

---

ಪೈಪ್‌ಲೈನ್

ಎರಡನೇ ವಿಷಯಕ್ಕೆ: ಕ್ಲಸ್ಟರ್‌ನ ಒಂದೇ ಮೆಂಬರ್‌ನಲ್ಲಿ (ಸರ್ಚ್ ಹೆಡ್‌ನಲ್ಲಿ) ಫೈಲ್ ತಿದ್ದಿದ್ದೀರಿ. ಕೈಯಿಂದ ತಿದ್ದಿದ್ದು ಉಳಿದ ಇಬ್ಬರಿಗೆ ತಾನಾಗಿ ಹೋಗುವುದಿಲ್ಲ. ಲೋಡ್ ಬ್ಯಾಲೆನ್ಸರ್ ನಿಮ್ಮನ್ನು ಯಾವ ಸರ್ಚ್ ಹೆಡ್‌ಗೆ ಕಳಿಸಿತೋ ಅದರ ಪ್ರತಿ ಓಡುತ್ತೆ. ವೆಬ್ ಪರದೆಯಿಂದ ತಿದ್ದಿದರೆ ಕ್ಲಸ್ಟರ್ ಅದನ್ನು ಎಲ್ಲಾ ಮೆಂಬರ್‌ಗಳಿಗೂ ಹಂಚುತ್ತೆ. ಫೈಲ್ ಮೂಲಕವೇ ಮಾಡಬೇಕಿದ್ದರೆ ಡಿಪ್ಲಾಯರ್‌ನಲ್ಲಿ (ಮೆಂಬರ್‌ಗಳಿಗೆ ಆಪ್ ಹಂಚುವ ಸರ್ವರ್) ಆಪ್ ತಿದ್ದಿ ಬಂಡಲ್ ತಳ್ಳಿ. ಇಂಡೆಕ್ಸರ್‌ಗಳಲ್ಲಿ (ಡೇಟಾ ಇಡುವ ಸರ್ವರ್‌ಗಳು) ಏನೂ ಮಾಡಬೇಕಿಲ್ಲ, ಮ್ಯಾಕ್ರೋ ಸರ್ಚ್ ಹೆಡ್‌ನಲ್ಲೇ ಬಿಚ್ಚಿಕೊಂಡು ಹೋಗುತ್ತೆ.

ಒಂದು ಎಚ್ಚರಿಕೆ. ಆ ಮ್ಯಾಕ್ರೋವನ್ನು ಯಾರಾದರೂ ಒಮ್ಮೆ ವೆಬ್ ಪರದೆಯಲ್ಲಿ ತಿದ್ದಿದ್ದರೆ ಅದು ಮೆಂಬರ್‌ಗಳ ಲೋಕಲ್ ಫೋಲ್ಡರ್‌ನಲ್ಲಿ ಕೂತಿರುತ್ತೆ. ಡಿಪ್ಲಾಯರ್ ಮಾಮೂಲಾಗಿ ಇಡುವುದು ಡೀಫಾಲ್ಟ್ ಫೋಲ್ಡರ್‌ಗೆ, ಲೋಕಲ್ ಯಾವಾಗಲೂ ಡೀಫಾಲ್ಟನ್ನು ಗೆಲ್ಲುತ್ತೆ. ಎಷ್ಟು ಸಲ ತಳ್ಳಿದರೂ ಹಳೆಯದೇ ಓಡಿದರೆ ಅಲ್ಲಿ ನೋಡಿ. ಪ್ರತಿ ಮೆಂಬರ್‌ನಲ್ಲೂ:

ಸ್ಪ್ಲಂಕ್ ಬಿಟೂಲ್ ಮ್ಯಾಕ್ರೋಸ್ ಲಿಸ್ಟ್ --ಡೀಬಗ್

ಇದು ಪ್ರತಿ ಸಾಲಿನ ಎಡಕ್ಕೆ ಅದು ಯಾವ ಫೈಲಿಂದ ಬಂತು ಅಂತ ತೋರಿಸುತ್ತೆ. ಬಿಟೂಲ್ ಓದುವುದು ಡಿಸ್ಕಿನಲ್ಲಿರುವುದನ್ನು, ಓಡುತ್ತಿರುವ ಸ್ಪ್ಲಂಕ್‌ನ ನೆನಪಿನಲ್ಲಿರುವುದನ್ನಲ್ಲ. ಫೈಲ್ ತಿದ್ದಿ ರಿಫ್ರೆಶ್ ಮಾಡದಿದ್ದರೆ ಬಿಟೂಲ್ ಹೊಸದು ತೋರಿಸುತ್ತೆ, ಸರ್ಚ್ ಹಳೆಯದನ್ನೇ ಓಡಿಸುತ್ತೆ. ಮೊದಲು ಕೊಟ್ಟ ರೆಸ್ಟ್ ಸರ್ಚ್ ನೆನಪಿನಲ್ಲಿರುವುದನ್ನು ತೋರಿಸುತ್ತೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ.

ಫೈಲಿನಲ್ಲಿ ಡೆಫಿನಿಷನ್ ಎರಡು-ಮೂರು ಸಾಲಿಗೆ ಮುರಿದಿದ್ದರೆ ಕೊನೆಯದನ್ನು ಬಿಟ್ಟು ಪ್ರತಿ ಸಾಲಿನ ಕೊನೆಗೆ ಬ್ಯಾಕ್‌ಸ್ಲ್ಯಾಶ್ ಬೇಕು, ಅದರ ನಂತರ ಒಂದು ಸ್ಪೇಸ್ ಕೂಡ ಇರಬಾರದು. ಇದ್ದರೆ ಡೆಫಿನಿಷನ್ ಅರ್ಧಕ್ಕೇ ಮುಗಿಯುತ್ತೆ. ಕಣ್ಣಿಗೆ ಕಾಣದ ತಪ್ಪು.

---

ಬ್ಯಾಕ್‌ಟಿಕ್

ಇದೇ ಎರರ್‌ನಲ್ಲಿ ಸಿಕ್ಕಿಕೊಂಡು ಈ ಥ್ರೆಡ್‌ಗೆ ಬರುವವರಿಗಾಗಿ ಒಂದು ಮಾತು. ಸೆಕ್ಯುರಿಟಿ ಡಿಟೆಕ್ಷನ್ ಸರ್ಚ್‌ಗಳನ್ನು ಹಾಗೇ ಕಾಪಿ ಮಾಡಿ ಓಡಿಸಿದಾಗ ‘ಸೆಕ್ಯುರಿಟಿ_ಕಂಟೆಂಟ್_ಸಿಟೈಮ್ ಸಿಗುತ್ತಿಲ್ಲ’, ‘ಡ್ರಾಪ್_ಡಿಎಂ_ಆಬ್ಜೆಕ್ಟ್_ನೇಮ್ ಸಿಗುತ್ತಿಲ್ಲ’ ಅಂತ ಬರುತ್ತೆ. ಮೊದಲನೆಯದು ಕಂಟೆಂಟ್ ಅಪ್‌ಡೇಟ್ ಆಪ್‌ನದು, ಎರಡನೆಯದು ಕಾಮನ್ ಇನ್ಫರ್ಮೇಷನ್ ಮಾಡೆಲ್ ಆಡ್-ಆನ್‌ನದು. ಆ ಎರಡೂ ಸರ್ಚ್ ಹೆಡ್‌ನಲ್ಲಿ ಇನ್‌ಸ್ಟಾಲ್ ಆಗಿರಬೇಕು. ಕಾಣೆಯಾದ ಹೆಸರಲ್ಲಿ ಬರೀ ಖಾಲಿ ಮ್ಯಾಕ್ರೋ ಮಾಡಿ ಎರರ್ ಮುಚ್ಚಬೇಡಿ. ಡ್ರಾಪ್_ಡಿಎಂ_ಆಬ್ಜೆಕ್ಟ್_ನೇಮ್ ಫೀಲ್ಡ್ ಹೆಸರುಗಳ ಮುಂದಿರುವ ಡೇಟಾ ಮಾಡೆಲ್‌ನ ಡೇಟಾಸೆಟ್ ಹೆಸರನ್ನು ಕಿತ್ತುಹಾಕುತ್ತೆ. ಅದು ಖಾಲಿಯಾದರೆ ಮುಂದಿನ ಸಾಲುಗಳು ಹುಡುಕುವ ಫೀಲ್ಡ್ ಹೆಸರೇ ಇರುವುದಿಲ್ಲ, ಡಿಟೆಕ್ಷನ್ ಸದ್ದಿಲ್ಲದೆ ಕುರುಡಾಗುತ್ತೆ.

ಮ್ಯಾಕ್ರೋ ಒಳಗೆ ಮ್ಯಾಕ್ರೋ ಇದ್ದಾಗ ಎರರ್‌ನಲ್ಲಿ ಬರುವ ಹೆಸರು ನೀವು ಬರೆದದ್ದಲ್ಲ, ಒಳಗಿನದು. ಹೊರಗಿನದನ್ನು ಶೇರ್ ಮಾಡಿ ಒಳಗಿನದನ್ನು ಪ್ರೈವೇಟ್ ಬಿಟ್ಟರೂ ಅದೇ ಎರರ್. ಆಳದ ಮಿತಿ ಲಿಮಿಟ್ಸ್.ಕಾನ್ಫ್‌ನಲ್ಲಿ ಮ್ಯಾಕ್ಸ್_ಮ್ಯಾಕ್ರೋ_ಡೆಪ್ತ್, ಡೀಫಾಲ್ಟ್ 100. ಆ ಮಿತಿ ಮುಟ್ಟಿದ ಎರರ್ ಬಂದರೆ ಅಂಕಿ ಏರಿಸಬೇಡಿ, ಯಾವುದೋ ಮ್ಯಾಕ್ರೋ ಸುತ್ತಿ ಬಂದು ತನ್ನನ್ನೇ ಕರೆಯುತ್ತಿರುತ್ತೆ.

---

ಲಾಗ್_ಕಣಜ

ರೆಸ್ಟ್ ಸರ್ಚ್ ಓಡಿಸಿದೆ. ಫೇಲ್ಡ್_ಲಾಗಿನ್(2)ಗೆ ಎರಡು ಸಾಲು: ನನ್ನ ಪ್ರೈವೇಟ್ ಒಂದು, ಆಪ್‌ನದು ಒಂದು. ಪ್ರೈವೇಟ್ ಅಳಿಸಿದೆ. ಆಪ್‌ನದನ್ನು ವೆಬ್ ಪರದೆಯಿಂದ ತಿದ್ದಿ ‘ಆಲ್ ಆಪ್ಸ್’ಗೆ ಶೇರ್ ಮಾಡಿಸಿದೆ. ಬಿಟೂಲ್ ಮೂರೂ ಮೆಂಬರ್‌ಗಳಲ್ಲಿ ಈಗ ಒಂದೇ ಸಾಲು ತೋರಿಸುತ್ತಿದೆ, ಲೋಕಲ್ ಫೋಲ್ಡರ್‌ನದು. ಇಸ್‌ನಮ್ ಕೋಟ್ ತೆಗೆದ ಮೇಲೆ ‘ಹತ್ತು’ ಅಂತ ಅಕ್ಷರದಲ್ಲಿ ಕೊಟ್ಟರೆ ತಡೆಯುತ್ತೆ, 10 ಕೊಟ್ಟರೆ ಬಿಡುತ್ತೆ. ಟೀಮಿನವರು ಅವರ ಆಪ್‌ನಿಂದ ಓಡಿಸಿದರು, ನನಗೆ ಬಂದಷ್ಟೇ ಸಾಲು ಅವರಿಗೂ ಬಂತು. ಅಲರ್ಟ್‌ಗಳನ್ನು ಒಂದೊಂದಾಗಿ ಅವುಗಳ ಓನರ್ ಮತ್ತು ಆಪ್ ಜೊತೆ ತಾಳೆ ನೋಡುತ್ತಿದ್ದೇನೆ, ಇನ್ನೂ ನಾಲ್ಕು ಬಾಕಿ.